ಅಪ್ಪನ ಹಾಡಿನ ವಹಿ

ಮಗಳು ಲಂಡನ್ನಿನಲ್ಲಿ ಓದುತ್ತಿದ್ದಳು. 2018ರ ಬೇಸಗೆಯಲ್ಲಿ ನಾನೂ ನನ್ನಾಕೆಯೂ ಅಲ್ಲಿಗೆ ಹೋಗಿ ಹದಿನೆಂಟು ದಿನ ಇದ್ದು ಬಂದೆವು. ಹೋಗಿಬಂದವರೆಲ್ಲ ಬರೆಯುವಂತೆ ಥೇಮ್ಸ್ ನದಿಯನ್ನೂ ರಾಣಿಯ ಅರಮನೆಯನ್ನೂ ಕುರಿತು ಬರೆಯುವ ಉತ್ಸಾಹ ನನಗಿಲ್ಲ. ಬರೆಯಬೇಕೆನಿಸಿದ್ದು ಒಂದು ಸಂಜೆಯ ಮಾತು. ಅಂದು ಮಗಳು ನನ್ನನ್ನು ನನ್‌ಹೆಡ್ ಎಂಬ ಬಡಾವಣೆಗೆ ಕರೆದುಕೊಂಡು ಹೋಗಿ ಒಂದು ದೊಡ್ಡ ಹಳೆಯ ಕಟ್ಟಡದ ಮುಂದೆ ನಿಲ್ಲಿಸಿದಳು. ಬಾಗಿಲ ಮೇಲಿನ ಹೆಸರು ‘ಐವಿ ಹೌಸ್’. ಒಳಗಿನಿಂದ ಹಾಡು ಕೇಳುತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟವನು ವಾಸನೆ ಮೂಗಿಗೆ ಬಡಿದೊಡನೆ ನಿಂತುಬಿಟ್ಟೆ.

“ಇದು ದಾರು ಅಂಗಡಿ ಅಲ್ಲೇನು?” ಅಂದೆ.

“ಪಬ್ ಅಪ್ಪಾ. ಒಳಗ ಬಾ, ಚಹಾನೂ ಸಿಗ್ತದ.”

“ನೀವು ಹೋಗಿ ಬರ್ರಿ. ನಾ ಇಲ್ಲೇ ಕೂಡ್ತೀನಿ.”

ಹೊರಗಿನ ಬಾಕಿನ ಮೇಲೆ ಕುಳಿತೆ. ಐವತ್ತೇಳು ವರ್ಷದ ಮುದುಕ, ಪ್ರೌಢಶಾಲೆಯ ಕನ್ನಡ ಮಾಸ್ತರ, ಶಾಲೆಯ ಹೊಸ್ತಿಲು ದಾಟಲೊಲ್ಲದ ಹುಡುಗನ ಹಾಗೆ ಹಟ ಹಿಡಿದು ಕುಳಿತದ್ದನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ. ಅದಕ್ಕೊಂದು ಕಾರಣವಿದೆ.

ನಮ್ಮೂರು ಸಿಂದಗಿಯಿಂದ ಇಂಡಿಗೆ ಹೋಗುವ ದಾರಿಯಲ್ಲಿದೆ. ಎರಿ ಭೂಮಿ, ಬಿಳಿಜೋಳ, ಮಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ನಮ್ಮಪ್ಪ ಗೀಗೀ ಮೇಳದ ಮುಂದಾಳು ಹಾಡುಗಾರ. ಗೀಗೀ ಪದ ಕೇಳದ ಮಕ್ಕಳಿಗಾಗಿ ನಾಲ್ಕು ಮಾತು: ಮುಂದಾಳು ದಪ್ಪು ಬಾರಿಸುತ್ತ ಹಾಡುತ್ತಾನೆ, ಹಿಂದೆ ಒಬ್ಬ ತುಂತುಣಿ ಮೀಟುತ್ತಾನೆ, ಇನ್ನೊಬ್ಬ ತಾಳ ಹಾಕುತ್ತಾನೆ. ನುಡಿ ಮುಗಿದಾಗೊಮ್ಮೆ ಹಿಂದಿನವರು ‘ಗೀ ಗೀ’ ಎಂದು ದನಿಗೂಡಿಸುತ್ತಾರೆ. ನಮ್ಮ ಕಡೆಯ ಜಾತ್ರೆಗಳಲ್ಲಿ ಇದಕ್ಕೆ ಹರದೇಶಿ-ನಾಗೇಶಿ ಎಂಬ ಎರಡು ಪಕ್ಷ. ಹರದೇಶಿಯವರು ಶಿವನ ಪಕ್ಷ ಹಿಡಿದು ಗಂಡು ಹೆಚ್ಚು ಎನ್ನುತ್ತಾರೆ. ನಾಗೇಶಿಯವರು ಶಕ್ತಿಯ ಪಕ್ಷ ಹಿಡಿದು ಹೆಣ್ಣು ಹೆಚ್ಚು ಎನ್ನುತ್ತಾರೆ. ನಾಗೇಶಿ ಮೇಳದಲ್ಲಿ ಹೆಣ್ಣುಮಕ್ಕಳೇ ಮುಂದಾಳುಗಳು. ರಾತ್ರಿ ಹತ್ತಕ್ಕೆ ಕೂತರೆ ಬೆಳಗಿನವರೆಗೆ ಸವಾಲು-ಜವಾಬು. ಪುರಾಣ ಗೊತ್ತಿರಬೇಕು, ಲೆಕ್ಕ ಗೊತ್ತಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನಿಂತ ಕಾಲಮೇಲೆ ಪದ ಕಟ್ಟುವ ಬುದ್ಧಿ ಬೇಕು. ಶಾಲೆಯ ಮೆಟ್ಟಿಲನ್ನು ಮೂರನೆಯ ಇಯತ್ತೆಗೇ ಇಳಿದಿದ್ದ ನಮ್ಮಪ್ಪನಿಗೆ ಇದೆಲ್ಲ ಇತ್ತು. ಕುಡಿತವೂ ಇತ್ತು.

ಹಾಡುಗಾರರಿಗೆ ಕುಡಿಸುವುದು ಕರೆಸಿದ ಊರಿನವರು ತೋರುವ ಮರ್ಯಾದೆ ಎಂದು ಆಗ ನಡೆದುಬಂದಿತ್ತು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. 1949ರ ಪಾನನಿರೋಧ ಕಾನೂನು ಇಲ್ಲಿಗೂ ಅನ್ವಯಿಸುತ್ತಿತ್ತು. ಕಾನೂನು ಇದ್ದಾಗ ಹೊಲದ ಬದುವಿನ ಹಿಂದೆ ನಡೆದದ್ದು ನಾನು ಕಣ್ಣು ಬಿಡುವ ಹೊತ್ತಿಗೆ ಸರಕಾರಿ ಹರಾಜಿನ ಸರಾಯಿ ಅಂಗಡಿಯಾಗಿ ಊರ ಬಾಯಿಗೇ ಬಂದು ಕುಳಿತಿತ್ತು. ಅಲ್ಲಿ ಬಾಕು ಇಲ್ಲ, ದೀಪ ಇಲ್ಲ. ಹೋದವರು ನಿಂತೇ ಕುಡಿಯಬೇಕು, ಮುಖ ಒರೆಸಿಕೊಂಡು ಹೊರಬೀಳಬೇಕು. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಅಪ್ಪನನ್ನು ಕರೆತರಲು ಅವ್ವ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದಳು. ನಾನು ಬಾಗಿಲಿಗೆ ಬೆನ್ನು ತಿರುಗಿಸಿ ನಿಂತು “ಯಪ್ಪಾ, ಅವ್ವ ಕರೀಲಾಕತ್ತಾಳ” ಎಂದು ಕೂಗುತ್ತಿದ್ದೆ. ಆ ವಾಸನೆ ಲಂಡನ್ನಿನಲ್ಲೂ ಅದೇ.

ಅದೇ ಊರಲ್ಲಿ ಇನ್ನೊಂದು ಅಂಗಡಿಯೂ ಇತ್ತು. ಬಸ್ಸು ನಿಲ್ಲುವ ಬೇವಿನಗಿಡದ ಕೆಳಗೆ ಒಬ್ಬ ಆಯಿಯ ಚಹಾದಂಗಡಿ. ಚಹಾ, ಮಿರ್ಚಿ ಭಜಿ, ಸಂತೆಯ ದಿನ ಚುರಮುರಿ ಸುಸಲಾ. ಅಂಗಡಿಯ ಮುಂದೆ ಇಪ್ಪತ್ತು ಮಂದಿ ಕೂಡಬಹುದಾದ ಕಲ್ಲಿನ ಕಟ್ಟೆ. ಪ್ರತಿ ಅಮಾವಾಸ್ಯೆಯ ರಾತ್ರಿ ಆ ಕಟ್ಟೆಯ ಮೇಲೆ ಹಾಡು. ಮೊದಲು ಏಕತಾರಿ, ದಮ್ಮಡಿಯವರು ಕುಳಿತು ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫರ ತತ್ವಪದ ಹಾಡುವರು. ಮಡಿವಾಳಪ್ಪನವರ ಕಡಕೋಳ ನಮಗೆ ದೂರವೇನಲ್ಲ. ನಡುರಾತ್ರಿ ಆದಮೇಲೆ ಗೀಗೀ ಮೇಳ. ಆಯಿ ಒಲೆ ಆರಿಸುತ್ತಿರಲಿಲ್ಲ. ಹಾಡುವವರಿಗೆ ಚಹಾ ಪುಕ್ಕಟೆ. ಕೇಳುವವರು ಒಂದು ಚಹಾಕ್ಕೆ ಎರಡರ ರೊಕ್ಕ ಕೊಡಬೇಕು. ಹೆಚ್ಚಿನ ರೊಕ್ಕ ಡಾಲ್ಡಾದ ಒಂದು ಖಾಲಿ ಡಬ್ಬಿಗೆ ಬೀಳುತ್ತಿತ್ತು. ಡಬ್ಬಿಯ ಲೆಕ್ಕ ಬರೆಯುತ್ತಿದ್ದವನು ಊರ ದರ್ಜಿ. ಯಾರಾದರೂ ವಿಜಾಪುರದ ದವಾಖಾನೆಗೆ ಹೋಗಬೇಕಾದರೆ ಬಸ್ಸಿನ ಛಾರ್ಜು, ಗತಿಯಿಲ್ಲದವರ ಮಣ್ಣಿಗೆ ಬಿಳೇ ಅರಿವೆ, ಶಾಲೆಯ ಹುಡುಗರಿಗೆ ಪಾಟಿ-ಪುಸ್ತಕ, ಎಲ್ಲ ಅದರಿಂದಲೇ. 1972ರ ಬರದಲ್ಲಿ ಆ ಡಬ್ಬಿ ತಿಂಗಳುಗಟ್ಟಲೆ ಬರಿದಾಗಿತ್ತು, ಹಾಡು ಮಾತ್ರ ನಿಂತಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಆಯಿ ಚಹಾಕ್ಕೆ ಹಾಲು ಹಾಕುವುದನ್ನು ನಿಲ್ಲಿಸಿದ್ದಳಷ್ಟೆ.

ಆ ಕಟ್ಟೆಗೆ ಒಂದೇ ನಿಯಮ. ಕುಡಿದು ಬಂದವರು ದಪ್ಪು ಮುಟ್ಟುವಂತಿಲ್ಲ, ಕಟ್ಟೆ ಹತ್ತುವಂತಿಲ್ಲ. ಗೌಡರಾಗಲಿ ತಳವಾರರಾಗಲಿ.

1974. ಪಕ್ಕದ ಊರ ಜಾತ್ರೆ. ನನಗೆ ಹದಿಮೂರು ವರ್ಷ. ಬಾಗೇವಾಡಿ ಕಡೆಯಿಂದ ನಾಗೇಶಿ ಮೇಳ ಬಂದಿತ್ತು. ಮುಂದಾಳು ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು, ದನಿಯೋ ಕಂಚು. ಅಪ್ಪನಿಗೆ ಸಂಜೆಯಿಂದಲೇ ಮರ್ಯಾದೆ ನಡೆದಿತ್ತು. ನಡುರಾತ್ರಿ ಕಳೆದು ಆಕೆ ಒಂದು ಸವಾಲು ಹಾಕಿದಳು. ಪುರಾಣದ ಸವಾಲಲ್ಲ. ಮನೆಯಲ್ಲಿ ಜೋಳದ ಗಡಿಗೆ ಬರಿದಾಗಿದೆ, ಹೆಂಡತಿ ಕೂಲಿಗೆ ಹೋಗಿ ತಂದದ್ದನ್ನು ಗಂಡ ಸರಾಯಿ ಅಂಗಡಿಗೆ ಹಾಕಿ ಬಂದಿದ್ದಾನೆ, ಈಗ ಹೇಳು ಯಾರು ಹೆಚ್ಚು, ಎಂಬ ಅರ್ಥದ ಪದ. ಅದು ಕಟ್ಟಿ ತಂದದ್ದೋ, ಅಪ್ಪನ ಅವಸ್ಥೆ ಕಂಡು ಅಲ್ಲೇ ಕಟ್ಟಿದ್ದೋ ಗೊತ್ತಿಲ್ಲ. ಜನ ಶೀಟಿ ಹೊಡೆದರು. ಅಪ್ಪ ದಪ್ಪು ಎತ್ತಿದ, ಎರಡು ಪೆಟ್ಟು ಹಾಕಿದ, ಬಾಯಿ ತೆರೆದ. ಪದ ಬರಲಿಲ್ಲ. ಹಿಂದಿನವರು ಗೀ ಗೀ ಎಂದು ಕಾದರು, ಮತ್ತೆ ಅಂದರು. ಅಪ್ಪ ಹಾಗೆಯೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಹೆಂಗಸರ ಸಾಲಿನಲ್ಲಿ ಅವ್ವ ಸೆರಗು ಬಾಯಿಗಿಟ್ಟು ಕುಳಿತದ್ದನ್ನು ನಾನು ನೋಡಿದೆ. ಜನ ನನ್ನ ಕಡೆಯೂ ತಿರುಗಿ ನಕ್ಕರು.

ಮುಂದಿನ ಅಮಾವಾಸ್ಯೆಗೆ ಅಪ್ಪ ಕುಡಿದೇ ಕಟ್ಟೆಗೆ ಬಂದ. ಆಯಿ ಒಲೆಯ ಮುಂದಿನಿಂದ ಎದ್ದು ಬಂದು, “ತಮ್ಮಾ, ದಪ್ಪು ಅಲ್ಲಿಡು. ನಾಳಿ ಬಂದು ಒಯ್ಯು” ಅಂದಳು. ಗಟ್ಟಿ ದನಿಯಲ್ಲಿ ಅಲ್ಲ. ಅಪ್ಪ ಇಟ್ಟು ಹೋದ.

ಆಮೇಲೆ ಅವನು ಕುಡಿಯುವುದನ್ನು ಬಿಟ್ಟ ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಆದರೆ ಅಮಾವಾಸ್ಯೆಯ ದಿನ ಮಾತ್ರ ಕುಡಿಯುತ್ತಿರಲಿಲ್ಲ. ಬೆಳಗ್ಗೆ ಎದ್ದು ಮಿಂದು, ಇಡೀ ದಿನ ಕೈ ನಡುಗಿಸುತ್ತ ಹೊಲದಲ್ಲಿ ಅಡ್ಡಾಡಿ, ಕತ್ತಲಾದೊಡನೆ ಕಟ್ಟೆಗೆ ಹೋಗುತ್ತಿದ್ದ. ವರ್ಷಕ್ಕೆ ಹನ್ನೆರಡು ದಿನ. ಅಧಿಕಮಾಸ ಬಂದ ವರ್ಷ ಹದಿಮೂರು. ಅವ್ವ ಆ ದಿನಗಳಲ್ಲೇ ಅವನೊಡನೆ ಮನೆಯ ಮಾತು ಆಡುತ್ತಿದ್ದಳು. ಬೀಜದ ಜೋಳ, ಅಕ್ಕನ ಮದುವೆ, ಮನೆಯ ಮಾಳಿಗೆ ಸೋರುವುದು, ಎಲ್ಲ ಅಮಾವಾಸ್ಯೆಗೇ ತೀರ್ಮಾನ.

ನಾನು ಹಾಡು ಕಲಿಯಲಿಲ್ಲ. ದಪ್ಪು ಮುಟ್ಟಬೇಡವೆಂದು ಅವ್ವ ಆಣೆ ಹಾಕಿದ್ದಳು. ಹಾಕದಿದ್ದರೂ ನಾನು ಮುಟ್ಟುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಹಾಡೂ ಸರಾಯಿಯೂ ಒಂದೇ ಗಡಿಗೆಯವು. 1978ರಲ್ಲಿ ಎಸ್ಸೆಸ್ಸೆಲ್ಸಿಗೆ ಪರೀಕ್ಷೆಯ ಫೀ ಕಟ್ಟಲು ಮನೆಯಲ್ಲಿ ರೊಕ್ಕವಿರಲಿಲ್ಲ. ದರ್ಜಿ ಕಾಕಾ ಕರೆದು ಡಬ್ಬಿಯಿಂದ ತೆಗೆದುಕೊಟ್ಟ. ಹಾಡಿನ ರೊಕ್ಕದಿಂದ ಪರೀಕ್ಷೆಗೆ ಕುಳಿತೆ, ಹಾಡನ್ನು ದ್ವೇಷಿಸುತ್ತಲೇ ಪಾಸಾದೆ. ಮುಂದೆ ಓದಿ ಮಾಸ್ತರನಾಗಿ ಮುದ್ದೇಬಿಹಾಳ ತಾಲ್ಲೂಕಿಗೆ ಹೋದೆ. ಅಪ್ಪ 1991ರಲ್ಲಿ ಕಾಮಣಿಯಾಗಿ ಹೋದ. ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ. ಸರಾಯಿ ಪಾಕೀಟಿನ ಕಾಲ ಅದು. ರಾಜ್ಯದಲ್ಲಿ ಸರಾಯಿ ನಿಂತದ್ದು 2007ರ ಜುಲೈ 1ರಿಂದ. ನಮ್ಮ ಮನೆಗೆ ಅದು ಹದಿನಾರು ವರ್ಷ ತಡವಾಯಿತು.

ಈಗ ಹೇಳಬೇಕಾದದ್ದನ್ನು ಇಷ್ಟು ಹೊತ್ತು ಮುಂದೂಡಿದ್ದೇನೆ. 1994ರಲ್ಲಿ ಮನೆಗೆ ಸುಣ್ಣ ಹಚ್ಚುವಾಗ ಅಟ್ಟದ ಮೇಲೆ ಅಪ್ಪನ ಹಾಡಿನ ವಹಿಗಳು ಸಿಕ್ಕವು. ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ವಹಿಗಳು ಮೂರು. ಅಪ್ಪ ಹೇಳುತ್ತ ಹೋದದ್ದನ್ನು ದರ್ಜಿ ಕಾಕಾ ಬರೆದುಕೊಂಡದ್ದು. ಅವನ್ನು ಹಳೆಯ ಪೇಪರಿನ ಜೊತೆಗೆ ರದ್ದಿಯವನಿಗೆ ತೂಗಿ ಹಾಕಿದೆ. ಓದಿಯೂ ನೋಡಲಿಲ್ಲ.

ಅದೇ ವರ್ಷ ನಾನು ತರಗತಿಯಲ್ಲಿ ಹಲಸಂಗಿ ಗೆಳೆಯರ ಬಗ್ಗೆ ಪಾಠ ಮಾಡುತ್ತಿದ್ದೆ. ಹಲಸಂಗಿ ಆಗ ಇಂಡಿ ತಾಲ್ಲೂಕು, ಈಗ ಚಡಚಣಕ್ಕೆ ಸೇರಿದೆ. ನಮ್ಮೂರಿನಿಂದ ಒಂದು ದಿನದ ದಾರಿಯೂ ಅಲ್ಲ. ಲಾವಣಿಕಾರ ಖಾಜಾಭಾಯಿಯ ಊರು. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಸೇರಿ, ಬೀಸುವ ಕಲ್ಲಿನ ಮುಂದಿನ ಹೆಣ್ಣುಮಕ್ಕಳ ಹಾಡನ್ನೂ ಗಂಡಸರ ಲಾವಣಿಯನ್ನೂ ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ಹಳ್ಳಿಯ ಹಾಡೆಂದರೆ ಓದಿದವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಅವರಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ. ಇಸವಿಗಳನ್ನು ನಾನು ಹುಡುಗರಿಂದ ಬಾಯಿಪಾಠ ಮಾಡಿಸುತ್ತಿದ್ದೆ, ತಪ್ಪಿದವರಿಗೆ ಹತ್ತು ಸಲ ಬರೆಯಲು ಹೇಳುತ್ತಿದ್ದೆ. ಮನೆಗೆ ಬಂದು ಅಪ್ಪನ ವಹಿ ತೂಗಿ ಹಾಕಿದೆ. ಎಷ್ಟು ರೂಪಾಯಿ ಬಂತೆಂಬುದು ಕೂಡ ನೆನಪಿಲ್ಲ.

ಲಂಡನ್ನಿನ ಬಾಕಿನ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ, ಚಳಿ ಹತ್ತಿತು. ಮಗಳು ಮತ್ತೆ ಬಂದು ಕೈ ಹಿಡಿದೆಳೆದಳು. ಹೋದೆ. ಮರದ ಹಲಗೆ ಹೊದಿಸಿದ ಗೋಡೆಗಳು, ಹಿಂಬದಿಯಲ್ಲಿ ಒಂದು ರಂಗ. ನನ್ನಷ್ಟೇ ವಯಸ್ಸಿನವನೊಬ್ಬ ಯಾವ ವಾದ್ಯವೂ ಇಲ್ಲದೆ ಕಣ್ಣು ಮುಚ್ಚಿ ಹಾಡುತ್ತಿದ್ದ. ಪಲ್ಲವಿ ಬಂದಾಗ ಕುಳಿತವರೆಲ್ಲ ದನಿಗೂಡಿಸುತ್ತಿದ್ದರು. ಒಂದು ಮೇಜಿನಲ್ಲಿ ಅಜ್ಜಿಯೂ ಮೊಮ್ಮಗಳೂ ಕುಳಿತಿದ್ದರು. ಕುಡಿಯುವವರು ಕುಡಿಯುತ್ತಿದ್ದರು. ಆದರೆ ದೀಪವಿತ್ತು, ಬಾಕು ಇತ್ತು, ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದರು. ನನಗೆ ನೆನಪಾದದ್ದು ಸರಾಯಿ ಅಂಗಡಿಯಲ್ಲ, ಆಯಿಯ ಕಟ್ಟೆ.

ಮಗಳು ಆ ಮನೆಯ ಕಥೆ ಹೇಳಿದಳು. ಪಬ್ ಎಂದರೆ ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು, ಸಾರ್ವಜನಿಕರ ಮನೆ. 2012ರಲ್ಲಿ ಇದು ಮುಚ್ಚಿತು, ಮಾರಾಟಕ್ಕೆ ಬಂತು. ಆ ದೇಶದಲ್ಲಿ 2011ರಲ್ಲಿ ಒಂದು ಕಾನೂನು ಬಂದಿತ್ತು: ಊರಿಗೆ ಬೇಕಾದ ಕಟ್ಟಡ ಇದು ಎಂದು ಜನ ಅರ್ಜಿ ಹಾಕಿ ನೋಂದಾಯಿಸಿದರೆ, ಮಾಲೀಕ ಮಾರಹೊರಟಾಗ ಅದನ್ನು ಕೊಳ್ಳಲು ರೊಕ್ಕ ಹೊಂದಿಸಿಕೊಳ್ಳಲು ಅವರಿಗೆ ಕೆಲವು ತಿಂಗಳ ಅವಕಾಶ ಸಿಗುತ್ತದೆ. ಹಾಗೆ ನೋಂದಣಿಯಾದ ಮೊದಲ ಪಬ್ ಇದೇ. ನೆರೆಹೊರೆಯವರು ಸಾಲ, ಅನುದಾನ ಹೊಂದಿಸಿ 8 ಲಕ್ಷ 10 ಸಾವಿರ ಪೌಂಡಿಗೆ ಕೊಂಡರು. 371 ಜನ ಷೇರು ಹಾಕಿದರು. 2013ರಲ್ಲಿ ಬಾಗಿಲು ಮತ್ತೆ ತೆರೆಯಿತು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ.

“ನಮ್ಮ ಗದಗಿನ ಕಣಗಿನಹಾಳದಾಗ 1905ರಾಗೇ ಸಹಕಾರಿ ಸಂಘ ಮಾಡಿದ್ರು” ಅಂದೆ. ಮಾಸ್ತರಿಕೆ ಎಲ್ಲಿಗೆ ಹೋದರೂ ಬಿಡುವುದಿಲ್ಲ. ಮಗಳು ನಕ್ಕಳು. ಆಮೇಲೆ ಸಹಜವಾಗಿ ಕೇಳಿದಳು: “ಮುತ್ಯಾನೂ ಹಾಡತಿದ್ದನಂತಲ್ಲ ಅಪ್ಪಾ? ಅವನ ಒಂದು ಹಾಡು ನೀ ನನಗ ಯಾಕ ಕಲಿಸಲಿಲ್ಲ?”

ನಾನು ಚಹಾದ ಕಪ್ಪಿನೊಳಗೆ ನೋಡುತ್ತ ಕುಳಿತೆ. ವಹಿಯ ವಿಷಯವನ್ನು ಅಂದು ರಾತ್ರಿ ಅವಳಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇದನ್ನು ಓದುವ ತಾಯಿತಂದೆಯರಿಗೆ ಗಾಬರಿ ಬೇಡ, ಊರಿಗೊಂದು ಪಬ್ಬು ಬೇಕೆಂದು ನಾನು ಬರೆಯುತ್ತಿಲ್ಲ. ವಿದ್ಯಾರ್ಥಿಗಳೂ ಕುಡಿದರೆ ಹಾಡು ಬರುತ್ತದೆಂದು ತಿಳಿಯಬಾರದು. ನಮ್ಮಪ್ಪನಿಗೆ ಕುಡಿತದಿಂದ ಬಂದದ್ದು ಕಾಮಣಿ, ಹಾಡು ಅದಕ್ಕೆ ಮೊದಲೇ ಬಂದಿತ್ತು. ನಾನು ಎರಡನ್ನೂ ಒಂದೇ ಮಾಡಿಕೊಂಡು, ಒಂದರ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಿಕೊಂಡೆ. ಅವೆರಡನ್ನೂ ಬೇರೆ ಮಾಡಿ ನಿಲ್ಲಿಸುವ ಕೆಲಸವನ್ನು ಅಕ್ಷರ ಬಾರದ ಆಯಿ ನನ್ನ ಕಣ್ಣೆದುರಿಗೇ ಮಾಡಿದ್ದಳು. ನನಗೆ ಕಂಡಿರಲಿಲ್ಲ.

ಊರಿಗೆ ಬಂದವನು ಕಟ್ಟೆಗೆ ಹೋದೆ. ಆಯಿ ಹೋಗಿ ಬಹಳ ವರ್ಷಗಳಾಗಿದ್ದವು. ಸೊಸೆ ಅಂಗಡಿ ನಡೆಸುತ್ತಿದ್ದಳು. ರಸ್ತೆ ಅಗಲ ಮಾಡುವಾಗ ಕಟ್ಟೆ ಅರ್ಧ ಹೋಗಿತ್ತು. ಡಬ್ಬಿಯೂ ಇರಲಿಲ್ಲ. ದುಡಿಯಲು ಸೊಲ್ಲಾಪುರ, ಗೋವೆ ಎಂದು ಹೋದವರು ಹೋಗಿದ್ದರು, ಉಳಿದವರ ಕೈಯಲ್ಲಿ ಮೊಬೈಲು. ಲಂಡನ್ನಿನ ಹುರುಪಿನಲ್ಲಿ ನಾನು ಒಂದು ಸಂಘ ಮಾಡಿ ಆ ಜಾಗವನ್ನು ಊರಿನದಾಗಿಸೋಣ ಎಂದು ಸಭೆ ಕರೆದೆ. ಮೂರು ಸಭೆಗಳಾದವು. ಅಧ್ಯಕ್ಷರು ಯಾರು ಎಂಬಲ್ಲಿಗೆ ಮುಗಿದವು. ಅದರ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ. ಆಯಿಯ ಸೊಸೆ ಇದನ್ನೆಲ್ಲ ಒಲೆಯ ಹಿಂದಿನಿಂದ ನೋಡಿ, “ಮಾಸ್ತರ, ಅಮಾಸಿಗಿ ನೀವು ಬಂದು ಕೂಡ್ರಲಾ. ನಾ ಯಾವಾಗ ಬ್ಯಾಡ ಅಂದೀನಿ?” ಎಂದಳು. ಅದೂ ಹೌದಲ್ಲ!

ಕುಳಿತೆವು. ಮೊದಲ ಅಮಾವಾಸ್ಯೆಗೆ ಆರು ಜನ. ಅಪ್ಪನ ಹಿಂದೆ ತಾಳ ಹಾಕುತ್ತಿದ್ದ ಒಬ್ಬ ಕಾಕಾ ಉಳಿದಿದ್ದ, ಎಂಬತ್ತು ದಾಟಿತ್ತು. ಅವನಿಗೆ ಪದದ ನಡುವಿನ ಸಾಲು ನೆನಪಿದ್ದರೆ ಇನ್ನೊಬ್ಬನಿಗೆ ಪಲ್ಲ ನೆನಪು. ಒಬ್ಬರು ಎತ್ತಿಕೊಟ್ಟರೆ ಇನ್ನೊಬ್ಬರು ಇಳಿಸುತ್ತಿದ್ದರು. ನಾನು ಬರೆದುಕೊಳ್ಳತೊಡಗಿದೆ, ಅಂಗಡಿಯಿಂದ ಕೆಂಪು ರಟ್ಟಿನ ವಹಿಯನ್ನೇ ತಂದು. ಒಂದೂವರೆ ವರ್ಷದಲ್ಲಿ ಹನ್ನೊಂದು ಪದ ಸಿಕ್ಕವು, ನಾಲ್ಕು ಅರ್ಧದವು. ಅಷ್ಟರಲ್ಲಿ 2020ರ ಕೊರೊನಾ ಬಂತು. ಕಟ್ಟೆ ಬರಿದಾಯಿತು. ಮರುವರ್ಷ ತಾಳದ ಕಾಕಾ ಹೋದ. ಹೋಗುವ ಮುಂಚೆ ಒಂದು ಮಾತು ಹೇಳಿದ್ದ: “ನಿಮ್ಮಪ್ಪನ ಪದ ನಮಗಿಂತಾ ನಾಗೇಶಿಯವರಿಗಿ ಜಾಸ್ತಿ ಗೊತ್ತಿರ್ತಾವು ತಮ್ಮಾ. ಎದುರಾಳಿ ಪದ ಬಾಯಿಪಾಠ ಇಲ್ಲಂದ್ರ ಜವಾಬು ಕಟ್ಟೂದು ಹ್ಯಾಂಗ?”

ಈ ಬುದ್ಧಿ ನನಗೆ ಯಾಕೆ ಹೊಳೆದಿರಲಿಲ್ಲವೋ. ಹುಡುಕಿದೆ. 2022ರಲ್ಲಿ, ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಆಕೆ ಸಿಕ್ಕಳು. 1974ರ ಆ ಹೆಣ್ಣುಮಗಳು. ಎಪ್ಪತ್ತು ದಾಟಿತ್ತು, ಹಲ್ಲು ಹೋಗಿದ್ದವು, ದನಿಯಲ್ಲಿ ಕಂಚು ಇನ್ನೂ ಇತ್ತು. ಮಗನ ಮನೆಯ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ನಾನು ಇಂಥವರ ಮಗ ಎಂದೆ. ಕೈ ನಿಂತಿತು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

“ಅವತ್ತ ನಾ ಆ ಪದ ಹಾಕಬಾರದಿತ್ತು ನೋಡ್ರಿ” ಅಂದಳು. “ನಿಮ್ಮವ್ವ ಕುಂತಿದ್ದು ನಂಗ ಗೊತ್ತಿರ್ಲಿಲ್ಲ.”

“ಹಾಕಿದ್ದು ಛಲೋ ಆತು ಆಯಿ” ಅಂದೆ. ಸುಳ್ಳು ಹೇಳಲಿಲ್ಲ.

ಅವಳು ಮತ್ತೆ ಶೇಂಗಾ ಸುಲಿಯತೊಡಗಿದಳು. “ಜವಾಬು ಅವನಿಗಿ ಗೊತ್ತಿತ್ತು. ಅವತ್ತ ರಾತ್ರಿ ಬರಲಿಲ್ಲ, ಅಷ್ಟ. ಮರುದಿನ ಮುಂಜಾನಿ ನಾವು ಬಸ್ಸಿಗಿ ನಿಂತಿದ್ವಿ. ಮಾರಿ ತೊಳಕೊಂಡು, ನೆಟ್ಟಗಾಗಿ ಬಂದ. ದಪ್ಪು ಇರಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲಮ್ಯಾಲ ಕೈಲೇ ಬಡಕೊಂತ ಇಡೀ ಜವಾಬು ಹಾಡಿದ. ನಾಕ್ ನುಡಿ. ನಾವ್ ಮೂರ ಮಂದಿ ಹೆಣ್ಮಕ್ಕಳ ಬಿಟ್ರ ಯಾರೂ ಕೇಳಲಿಲ್ಲ. ಹಾಡಿ, ನಂಗ ಕೈ ಮುಗದು ಹೋದ.”

“ನಿಮಗದು ನೆನಪೈತೇನು?”

“ಎದುರಾಳಿ ಜವಾಬು ಮರ್ತೀವಂದ್ರ ನಾವ್ಯಾಕ ಹಾಡಕಿಯರು?”

ನಾನು ವಹಿ ತೆಗೆದೆ. ಮೊಬೈಲನ್ನೂ ಆಕೆಯ ಮುಂದಿಟ್ಟು, ಮಗಳು ಕಲಿಸಿದ್ದ ಕೆಂಪು ಗುಂಡಿ ಒತ್ತಿದೆ. ಆಕೆ ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಒಳಗಿನ ಸೊಸೆಗೆ ಕೂಗಿ ಹೇಳಿದಳು: “ಯವ್ವಾ, ಮಾಸ್ತರಗ ಮೊದಲ ಚಹಾ ಮಾಡ. ನಂಗೂ ಒಂದ್ ಬಶಿ ತಾ, ಗಂಟಲ ಒಣಗೈತಿ.”